ನಡುವೆ ಇರುವವನ ಪಾಡು

ಮುಂದೆ ಇರುವವರನ್ನು ಲೋಕ ಹೊಗಳುತ್ತದೆ. ಹಿಂದೆ ಉಳಿದವರನ್ನು ಕಂಡು ಕನಿಕರಪಡುತ್ತದೆ. ನಡುವೆ ಇರುವವರ ಗೊಡವೆಗೆ ಮಾತ್ರ ಯಾರೂ ಹೋಗುವುದಿಲ್ಲ. ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಫಿಟ್ಟರ್ ಆಗಿದ್ದ ನನಗೆ ಇದು ಹೊಸ ಮಾತಲ್ಲ. ಬಸ್ಸು ಹತ್ತುವವರು ಡ್ರೈವರನ ಮುಖ ನೋಡುತ್ತಾರೆ, ಚಿಲ್ಲರೆಗಾಗಿ ಕಂಡಕ್ಟರನೊಡನೆ ಜಗಳವಾಡುತ್ತಾರೆ. ಹಿಂದಿನ ಅಚ್ಚಿನ ನಡುವೆ ಕುಂಬಳಕಾಯಿಯಂತೆ ತೂಗುತ್ತಿರುವ ಡಿಫರೆನ್ಷಿಯಲ್ಲನ್ನು ಯಾರು ವಿಚಾರಿಸಿದ್ದಾರೆ?

ಆದರೆ ಅದಿಲ್ಲದೆ ಬಸ್ಸು ನೆಟ್ಟಗೆ ತಿರುಗಲಾರದು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು, ಒಳಗಿನದು ಕಡಿಮೆ. ಇಬ್ಬರನ್ನೂ ಒಂದೇ ಸರಳಿಗೆ ಬಿಗಿದರೆ ಒಬ್ಬನಾದರೂ ನೆಲವನ್ನು ಉಜ್ಜಿಕೊಂಡು ಅಳಲೇಬೇಕು. ಈ ಜಗಳವನ್ನು ಹಲ್ಲುಚಕ್ರಗಳಿಂದ ಬಗೆಹರಿಸಿ, 1820ರ ದಶಕದ ಕೊನೆಯಲ್ಲಿ ಉಗಿಬಂಡಿಗಾಗಿ ಪೇಟೆಂಟು ಪಡೆದವನು ಪೆಕ್ಯೂರ್ ಎಂಬ ಫ್ರಾನ್ಸಿನ ಗಡಿಯಾರದ ಕೆಲಸಗಾರ. ಒಬ್ಬನು ಎಷ್ಟು ನಿಧಾನಿಸುತ್ತಾನೋ ಇನ್ನೊಬ್ಬನು ಅಷ್ಟೇ ಬೇಗ ತಿರುಗುತ್ತಾನೆ. ಒಬ್ಬನು ಪೂರ್ತಿ ನಿಂತುಬಿಟ್ಟರೆ ಇನ್ನೊಬ್ಬನಿಗೆ ಎರಡರಷ್ಟು ವೇಗ. ಲೆಕ್ಕ ಎಂದೂ ತಪ್ಪುವುದಿಲ್ಲ.

ನಿವೃತ್ತಿಯಾದ ಮೇಲೆ ಬೆಂಗಳೂರಿನಲ್ಲಿ ಮಗನ ಮನೆಗೆ ಬಂದು ಸೇರಿದೆ. ಕೈಗೆ ಸ್ಪ್ಯಾನರ್ ಇಲ್ಲದ ಫಿಟ್ಟರ್, ತೋಟವಿಲ್ಲದ ಮಾಲಿಯಂತೆ. ಹೀಗಿರುವಾಗ ನನ್ನ ಪಾಲಿಗೆ ಬಂದದ್ದು ಮೊಮ್ಮಗನ ಆಟದ ಲಾರಿ. "ಲಾರಿ ಅಲ್ಲ ತಾತ, ಟ್ರಕ್" ಎಂದು ಅವನು ತಿದ್ದುತ್ತಾನೆ. ಆಗಲಿ. ಅಮೆರಿಕದ ಟ್ರ್ಯಾಕ್ಸಸ್ ಕಂಪನಿಯ ಸ್ಲ್ಯಾಶ್ ಅದು. ನಿಜವಾದ ಗಾಡಿಯ ಹತ್ತನೆಯ ಒಂದು ಪಾಲು, ಎರಡು ಅಡಿಗೆ ತುಸು ಕಡಿಮೆ ಉದ್ದ, ನಾಲ್ಕು ಚಕ್ರಕ್ಕೂ ಎಳೆತ. ಆಟದ ಸಾಮಾನೆಂದು ನಗಬೇಡಿ. ಅದರ ಮೋಟಾರಿಗೆ ಕಾರ್ಬನ್ ಬ್ರಷ್ಷೇ ಇಲ್ಲ. ಸುರುಳಿ ನಿಂತಿರುತ್ತದೆ, ಅಯಸ್ಕಾಂತ ತಿರುಗುತ್ತದೆ. ಮೂರು ತಂತಿಗಳಲ್ಲಿ ಸರದಿಯಂತೆ ವಿದ್ಯುತ್ತನ್ನು ಹರಿಸುವ ಕೆಲಸ ಒಂದು ಪುಟ್ಟ ಪೆಟ್ಟಿಗೆಯದು. ಒಂದು ವೋಲ್ಟಿಗೆ ನಿಮಿಷಕ್ಕೆ 3,500 ಸುತ್ತು. ಮೂರು ಸೆಲ್ಲಿನ ಲಿಥಿಯಂ ಬ್ಯಾಟರಿ 11.1 ವೋಲ್ಟಿನದು, ಭಾರವಿಲ್ಲದೆ ತಿರುಗಿದರೆ ಸುಮಾರು 38,850 ಸುತ್ತು! ನನ್ನ ಬಸ್ಸಿನ ಎಂಜಿನ್ನು ಇದನ್ನು ಕೇಳಿದ್ದರೆ ಕೆಮ್ಮುತ್ತಿತ್ತು.

ಇಷ್ಟು ಬಲ ಒಮ್ಮೆಲೇ ಬಂದರೆ ಏನಾಗುತ್ತದೆ? ಭಾರವೆಲ್ಲ ಹಿಂದಕ್ಕೆ ಜರುಗಿ, ಟ್ರಕ್ಕು ಮೂತಿ ಮೇಲೆತ್ತಿ, ಅಂಗಾತ ಬೀಳುತ್ತದೆ. ಹುಡುಗನಿಗೆ ಅದು ತಮಾಷೆ. ಅವನ ತಂದೆಗೆ ಅಲ್ಲ. ಒಂದು ಸಂಜೆ ಅದು ಹೀಗೆಯೇ ಮೊಗಚಿ ಗೇಟಿನ ಹೂಕುಂಡವನ್ನು ಒಡೆಯಿತು. ಅದೇ ದಿನ ಗಣಿತದ ಅಂಕವೂ ಮನೆಗೆ ಬಂದಿತ್ತು. "ಇನ್ನು ಇದು ಅಟ್ಟಕ್ಕೆ" ಎಂದ ಮಗ. ನಾಲ್ಕು ದಿನ ತಂದೆಗೂ ಮಗನಿಗೂ ಮಾತಿಲ್ಲ. "ಊಟಕ್ಕೆ ಬರಬೇಕಂತೆ", "ಆಮೇಲೆ ಬರ್ತಾನಂತೆ" ಎಂದು ಸುದ್ದಿ ಸಾಗಿಸುವ ಕೆಲಸ ನನ್ನದಾಯಿತು.

ಐದನೆಯ ದಿನ ಮಗನಿಗೆ ಹೇಳಿದೆ: "ಗಾಡಿ ಮೊಗಚದ ಹಾಗೆ ಮಾಡಿಕೊಡುತ್ತೇನೆ, ಓದಿದ ಮೇಲೆ ದಿನಕ್ಕೊಂದು ಗಂಟೆ ಬಿಡು." ಅವನು ಒಪ್ಪಿದನೆಂದು ಹೇಳಲಾರೆ, ಬೇಡವೆನ್ನಲಿಲ್ಲ.

ಈ ಟ್ರಕ್ಕಿನ ಮುಂದಿನ ಅಚ್ಚಿನಲ್ಲೊಂದು, ಹಿಂದಿನ ಅಚ್ಚಿನಲ್ಲೊಂದು ಡಿಫರೆನ್ಷಿಯಲ್ ಉಂಟು. ಆದರೆ ಅವೆರಡರ ನಡುವೆ ಇರುವುದು ನೇರ ದಂಡ. ಮೋಟಾರಿನ ಪೆಟ್ಟನ್ನು ತಡೆಯಲು ಜಾರುವ ಕ್ಲಚ್ಚು. ಆ ಕ್ಲಚ್ಚನ್ನು ತೆಗೆದು ಮೂರನೆಯದೊಂದು ಡಿಫರೆನ್ಷಿಯಲ್ಲನ್ನು ನಡುವೆ ಕೂರಿಸಬಹುದು. ಅದೇ ಕಂಪನಿ ಬಿಡಿಯಾಗಿ ಮಾರುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆಯಾದ್ದರಿಂದ ಅಲ್ಲಿಯೂ ಒಬ್ಬ ರಾಜಿಗಾರ ಬೇಕು. 1970ರಲ್ಲಿ ಬಂದ ರೇಂಜ್ ರೋವರಿನಲ್ಲಿ ಇದ್ದುದೂ ಇದೇ ಏರ್ಪಾಡು.

ಊಟದ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ ಕುಳಿತೆವು. ಡಬ್ಬಿಯೊಳಗೆ ಹುಣಿಸೆಬೀಜದಷ್ಟು ಸ್ಟಾರ್ ಪಿನಿಯನ್ನುಗಳು. ಅವು ಮುಳುಗುವಷ್ಟು ಸಿಲಿಕೋನ್ ಎಣ್ಣೆ ಹೊಯ್ದು, ಗುಳ್ಳೆ ಮೇಲೇಳುವವರೆಗೆ ಕಾದು, ಗ್ಯಾಸ್ಕೆಟ್ ಇಟ್ಟು, ಸ್ಕ್ರೂಗಳನ್ನು ಒಂದು ಬಿಟ್ಟು ಎದುರಿನದೆಂಬಂತೆ ಬಿಗಿದೆವು. ಮೋಟಾರಿನ ಪಿನಿಯನ್ನಿಗೂ ದೊಡ್ಡ ಚಕ್ರಕ್ಕೂ ನಡುವೆ ಕಾಗದದ ಚೂರು ಸಿಕ್ಕಿಸಿ ಹಲ್ಲಿನ ಸಂದು ಹೊಂದಿಸಿ, ಕಾಗದ ಎಳೆದುಕೊಂಡೆವು. ಹುಡುಗನ ಬೆರಳು ನನ್ನವಕ್ಕಿಂತ ಚುರುಕು. ತಾಳ್ಮೆ ಮಾತ್ರ ನನ್ನದೇ ಖರ್ಚು.

ಇಡೀ ವಿದ್ಯೆಯ ಗುಟ್ಟು ಇರುವುದು ಎಣ್ಣೆಯಲ್ಲಿ. ನೀರಿನ ಗಟ್ಟಿತನ ಒಂದು ಎಂದಿಟ್ಟುಕೊಂಡರೆ ಈ ಎಣ್ಣೆಗಳದು ಸಾವಿರ, ಲಕ್ಷಗಳ ಲೆಕ್ಕ. ಹುಡುಗನಿಗೆ ತೋರಿಸಲೆಂದೇ ಮೊದಲು 10,000ದ್ದನ್ನು ಹಾಕಿಸಿದೆ. ಓಡಿಸಿದರೆ ಮೂತಿ ಏಳಲಿಲ್ಲ ನಿಜ. ಆದರೆ ಭಾರ ಕಳೆದುಕೊಂಡ ಮುಂದಿನ ಚಕ್ರಗಳು ಬಲೂನಿನಂತೆ ಉಬ್ಬಿ ಸುಮ್ಮನೆ ಗಿರ್ರೆಂದವು, ಗಾಡಿ ಕದಲಲು ಮೀನಮೇಷ ಎಣಿಸಿತು. ಆಮೇಲೆ ಒಂದು ಲಕ್ಷದ್ದು: ನೇರ ದಂಡಕ್ಕೂ ಅದಕ್ಕೂ ಹೆಚ್ಚು ಅಂತರವಿಲ್ಲ, ಮೂತಿ ಮತ್ತೆ ಆಕಾಶಕ್ಕೆ. ಕೊನೆಗೆ 50,000ಕ್ಕೆ ನಿಂತೆವು. ಟ್ರಕ್ಕು ನೆಲ ಹಿಡಿದು ಓಡಿತು. ಕ್ಲಚ್ಚು ಹೋದುದರಿಂದ ನೆಗೆದು ಇಳಿಯುವಾಗ ವೇಗ ತಗ್ಗಿಸಬೇಕೆಂಬ ಷರತ್ತನ್ನು ಮಾತ್ರ ಅವನ ಕೈಯಲ್ಲಿ ಬರೆಸಿಕೊಂಡೆ.

ಎಣ್ಣೆ ತೆಳುವಾದರೆ ಹೀಗೇಕೆ ಎಂದು ಅವನು ಕೇಳಿದ. ಡಿಫರೆನ್ಷಿಯಲ್ ಎರಡು ಕಡೆಗೂ ಸಮನಾಗಿಯೇ ಬಲ ಕೊಡುತ್ತದೆ. ಆದರೆ ಗಾಳಿಯಲ್ಲಿರುವ ಚಕ್ರ ಎಷ್ಟು ತಾಳುತ್ತದೆಯೋ ಅಷ್ಟೇ ಬಲ ನೆಲದ ಮೇಲಿನದಕ್ಕೂ ಸಿಕ್ಕುತ್ತದೆ. ಸದ್ದು ಮಾಡುವವನು ಒಬ್ಬ, ಭಾರ ಹೊರುವವನು ಇನ್ನೊಬ್ಬ. ನಡುವಿನವನು ತೀರ ಮೆದುವಾದರೆ ಹೊರುವವನು ಬಡವಾಗುತ್ತಾನೆ. ತೀರ ಗಟ್ಟಿಯಾದರೆ ಇಬ್ಬರಿಗೂ ಅವನು ನೊಗ. ಇದನ್ನು ಹೇಳುತ್ತಿದ್ದಂತೆ, ಮನೆಸಾಲದ ಕಂತು, ಆಫೀಸಿನ ಚಿಂತೆ ಹೊತ್ತು ರಾತ್ರಿ ಒಂಬತ್ತಕ್ಕೆ ಬರುವ ನನ್ನ ಮಗನ ಮುಖ ನೆನಪಿಗೆ ಬಂತು. ಅವನು ಸದ್ದು ಮಾಡುವ ಜಾತಿಯಲ್ಲ.

ಆ ಭಾನುವಾರ ರಿಮೋಟನ್ನು ಮೊದಲು ಅವನ ಕೈಗೆ ಕೊಡಿಸಿದೆ. "ಮೆಲ್ಲಗೆ ಒತ್ತಪ್ಪ" ಎಂದ ಮೊಮ್ಮಗ. ಐದು ದಿನಗಳಲ್ಲಿ ಅವನು ತಂದೆಗೆ ನೇರವಾಗಿ ಆಡಿದ ಮೊದಲ ಮಾತು ಅದು. ನಾನು ಜಗುಲಿಯ ಮೇಲೆ ಕುಳಿತು, ಬೆರಳಿಗೆ ಮೆತ್ತಿದ ಎಣ್ಣೆಯನ್ನು ಒರೆಸಿಕೊಳ್ಳುತ್ತಿದ್ದೆ. ಸಿಲಿಕೋನ್ ಎಣ್ಣೆ ಬೇಗ ಹೋಗುವುದಿಲ್ಲ.