ಮಾವನಿಗೆ ನಾಡಿ ಸಿಗಲ್ಲ

ನಮ್ಮ ಸೋದರಮಾವನ ಮಣಿಕಟ್ಟು ಹಿಡಿದರೆ ನಾಡಿ ಸಿಗಲ್ಲ. ಆದ್ರೂ ಅವರು ಬೆಳಿಗ್ಗೆ ಪೇಪರ್ ಓದ್ತಾರೆ, ಕಾಫಿಗೆ ಸಕ್ಕರೆ ಕಮ್ಮಿ ಅಂತ ಜಗಳ ಆಡ್ತಾರೆ. ಎರಡು ವರ್ಷದಿಂದ ಅವರ ಎದೆಯೊಳಗೆ ಎಲ್‌ವ್ಯಾಡ್ ಇದೆ. ಹೃದಯದ ಎಡಗಡೆಯ ಕೆಳಕೋಣೆಯ ತುದಿಗೆ ಜೋಡಿಸಿದ ಪುಟ್ಟ ಸೆಂಟ್ರಿಫ್ಯೂಗಲ್ ಪಂಪ್ ಅದು. ಅಲ್ಲಿಂದ ರಕ್ತ ಎಳೆದು ಒಂದು ಕೊಳವೆಯಲ್ಲಿ ಮಹಾಪಧಮನಿಗೆ ಕಳಿಸುತ್ತೆ. ಹೊಟ್ಟೆಯ ಚರ್ಮದಿಂದ ಹೊರಬರುವ ಕೇಬಲ್, ಸೊಂಟದಲ್ಲಿ ಕಂಟ್ರೋಲರ್, ಎರಡು ಬ್ಯಾಟರಿ. ಕರೆಂಟ್ ಹೋದ್ರೆ ಮನೇಲಿ ಎಲ್ಲರೂ ಮೊದಲು ನೋಡೋದು ಚಾರ್ಜರ್ ಕಡೆ.

ದಸರಾ ರಜೆಯಲ್ಲಿ ಹೋದಾಗ ಅತ್ತೆ ಕೇಳಿದ್ರು, "ಹೃದಯದ ವಿಷಯ ಡಾಕ್ಟರ್ ನೋಡ್ಕೋತಾರೆ ಕಣೋ. ತಲೆಗೆ ರಕ್ತ ಸರಿಯಾಗಿ ಹೋಗುತ್ತಾ, ಅದನ್ನ ಹೇಳು. ಪಂಪಿನ ಓದು ತಾನೇ ನಿಂದು?"

ಮಿದುಳಿನ ತೂಕ ದೇಹದ ಶೇಕಡಾ 2ರಷ್ಟು. ಆದರೆ ಹೃದಯ ನಿಮಿಷಕ್ಕೆ ಕಳಿಸುವ ಸುಮಾರು 5 ಲೀಟರ್ ರಕ್ತದಲ್ಲಿ ಮುಕ್ಕಾಲು ಲೀಟರ್ ಅದಕ್ಕೇ ಬೇಕು. ಹೃದಯ ಅದನ್ನು ಬಡಿತ ಬಡಿತವಾಗಿ ಕೊಡುತ್ತೆ, ಈ ಪಂಪ್ ಸದಾ ಹರಿಸುತ್ತೆ. ಬಡಿತವಿಲ್ಲದೆ ಮಿದುಳು ಸೊರಗಬೇಕಲ್ವಾ? ಹಾಗಾಗೋದಿಲ್ಲ. ಒತ್ತಡ ಇಳಿದರೆ ಮಿದುಳಿನ ಸಣ್ಣ ಧಮನಿಗಳು ಹಿಗ್ಗುತ್ತವೆ, ಏರಿದರೆ ಕುಗ್ಗುತ್ತವೆ. ಕಂಟ್ರೋಲ್ ಸಿಸ್ಟಮ್ಸ್ ಮೇಷ್ಟ್ರು ಇದನ್ನ ಬೋರ್ಡ್ ಮೇಲೆ ಬರೆದರೆ ಅರ್ಧ ಕ್ಲಾಸ್ ಎದ್ದು ಕೂರುತ್ತೆ. ಪಂಪ್ ಹಾಕೋ ಮುಂಚೆ ಮಾವ ಮಾತಿನ ಮಧ್ಯೆಯೇ ತೂಕಡಿಸುತ್ತಿದ್ದರು, ಈಗ ವಾದಕ್ಕೆ ನಿಲ್ತಾರೆ. ಹರಿವು ಸಾಲುತ್ತೆ ಅಂತ ಅತ್ತೆಗೆ ಧೈರ್ಯವಾಗಿ ಹೇಳಿದೆ.

ಭಯ ಇರೋದು ಬೇರೆ ಕಡೆ, ಸ್ಟ್ರೋಕ್‌ನಲ್ಲಿ. ಲೋಹ ಕಂಡರೆ ರಕ್ತ ಹೆಪ್ಪುಗಟ್ಟಲು ನೋಡುತ್ತೆ, ನಿಂತರೂ ಹೆಪ್ಪುಗಟ್ಟುತ್ತೆ. ಪಂಪೇ ಎಲ್ಲ ರಕ್ತವನ್ನೂ ಎಳೆದುಕೊಂಡರೆ ಹೃದಯದ ಮಹಾಪಧಮನಿ ಕವಾಟ ತೆರೆಯುವುದೇ ಇಲ್ಲ, ಅದರ ಮೇಲೆ ರಕ್ತ ಕೆರೆ ನೀರಿನಂತೆ ನಿಲ್ಲುತ್ತೆ. ಅಲ್ಲಿಂದ ಒಂದು ಚೂರು ಹೆಪ್ಪು ಕಿತ್ತು ಹೊರಟರೆ ಮಿದುಳಿನ ದಾರಿ ದೂರವಿಲ್ಲ. ಹಾಗಂತ ವಾರ್ಫರಿನ್ ಕೊಟ್ಟರೆ ರಕ್ತಸ್ರಾವದ ಭಯ. ಸಾಲದ್ದಕ್ಕೆ, ಗಾಯದ ರಕ್ತ ನಿಲ್ಲಿಸುವ ವಾನ್ ವಿಲ್ಲೆಬ್ರ್ಯಾಂಡ್ ಅನ್ನೋ ಉದ್ದ ಸರಪಳಿಯ ಪ್ರೋಟೀನನ್ನು ರೋಟರಿನ ಶಿಯರ್ ತುಂಡರಿಸುತ್ತೆ. ನಾವು ಎರಡು ಮಾರ್ಕಿಗೆ ಡೆಫಿನಿಷನ್ ಬರೆದು ಮರೆಯೋ ಶಿಯರ್ ಸ್ಟ್ರೆಸ್ ಅದೇ.

ಬಿಪಿ ಇನ್ನೊಂದು ತಲೆನೋವು. ಪಂಪ್ ಲ್ಯಾಬಿನಲ್ಲಿ ಡೆಲಿವರಿ ವಾಲ್ವ್ ತಿರುಗಿಸಿ, ಹೆಡ್ ಏರಿದಂತೆ ಡಿಸ್ಚಾರ್ಜ್ ಇಳಿಯೋದನ್ನ ಎಲ್ಲರೂ ನೋಡಿದ್ದೀವಿ. ಮಾವನ ಬಿಪಿ ಏರಿದಾಗಲೂ ಅಷ್ಟೇ, ಅದೇ ಸ್ಪೀಡಿನಲ್ಲಿ ರಕ್ತ ಕಮ್ಮಿ ಹರಿಯುತ್ತೆ. ಮೇಲೆ ಮಿದುಳಿನ ರಕ್ತನಾಳ ಒಡೆಯುವ ಅಪಾಯ. ಮಾಮೂಲಿ ಬಿಪಿ ಮೆಷಿನ್ ನಾಡಿಯನ್ನೇ ನಂಬಿರೋದ್ರಿಂದ ಬಹಳ ಸಲ ಎರರ್ ತೋರಿಸುತ್ತೆ. ಆಸ್ಪತ್ರೆಯಲ್ಲಿ ಡಾಪ್ಲರ್ ಪ್ರೋಬ್ ಇಟ್ಟು, ಪಟ್ಟಿಯ ಗಾಳಿ ಬಿಡುತ್ತಾ, ರಕ್ತದ ಸದ್ದು ಮೊದಲು ಕೇಳಿಸಿದ ಒತ್ತಡವನ್ನು ಬರೆದುಕೊಳ್ತಾರೆ. ಅದು 90 ದಾಟಬಾರದು ಅಂತ ಡಾಕ್ಟರ್ ಹೇಳಿದ್ದಾರೆ.

ಇಲ್ಲಿ ಇಂಜಿನಿಯರುಗಳು ಮಾಡಿದ ಒಂದು ಕೆಲಸ ನನಗೆ ಬಹಳ ಇಷ್ಟ. ಹಾರ್ಟ್‌ಮೇಟ್ 3 ಪಂಪಿನ ರೋಟರ್ ಬೇರಿಂಗ್ ಇಲ್ಲದೆ ಆಯಸ್ಕಾಂತದಲ್ಲಿ ತೇಲುತ್ತೆ, ಸುತ್ತ ರಕ್ತ ಹರಿಯಲು ಅಗಲ ಜಾಗ. ಪ್ರತಿ 2 ಸೆಕೆಂಡಿಗೊಮ್ಮೆ ಸ್ಪೀಡ್ ತಟ್ಟನೆ ಇಳಿದು, ಏರಿ, ಮತ್ತೆ ಸರಿಹೋಗುತ್ತೆ. ಕೈಗೆ ನಾಡಿ ಸಿಗುವಷ್ಟಲ್ಲ, ಒಳಗೆ ರಕ್ತ ನಿಲ್ಲದಂತೆ ತೊಳೆಯುವಷ್ಟು. 2018ರಲ್ಲಿ ಪ್ರಕಟವಾದ ಮೊಮೆಂಟಮ್ 3 ಅಧ್ಯಯನದಲ್ಲಿ, ಎರಡು ವರ್ಷದೊಳಗೆ ಹಳೆಯ ಹಾರ್ಟ್‌ಮೇಟ್ 2 ಹಾಕಿಸಿಕೊಂಡವರಲ್ಲಿ ಶೇಕಡಾ 19.2ರಷ್ಟು ಜನಕ್ಕೆ ಸ್ಟ್ರೋಕ್ ಆಗಿತ್ತು, ಹೊಸದರಲ್ಲಿ 10.1. ಅರ್ಧಕ್ಕರ್ಧ ಇಳೀತು ಅಂತ ಖುಷಿಪಡಬಹುದು. ಆದರೆ ಹತ್ತರಲ್ಲೊಬ್ಬರು ಅಂದಾಗ ನನಗೆ ಕಾಣೋದು ಮಾವನ ಮುಖ. ಈ ಅಂಕಿ ಅತ್ತೆಗೆ ಹೇಳಿಲ್ಲ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ ಅಂತ ಫ್ರಿಜ್ ಮೇಲೆ ಬರೆದು ಅಂಟಿಸಿ ಬಂದೆ.

ಈ ಸೆಮಿಸ್ಟರ್ ನಮ್ಮ ಮಿನಿ ಪ್ರಾಜೆಕ್ಟೂ ಇದೇ. ಪಂಪಿನ ಕೊಳವೆ ಮಹಾಪಧಮನಿಗೆ ಸೇರುವ ಕೋನ ಬದಲಾದರೆ, ಹೆಪ್ಪಿನ ಚೂರು ಮಿದುಳಿಗೆ ಹೋಗುವ ಕವಲು ಹಿಡಿಯುವ ಸಾಧ್ಯತೆಯೂ ಬದಲಾಗುತ್ತೆ. ಮೂರು ಕೋನ ಇಟ್ಟು ಸಿಮ್ಯುಲೇಷನ್ ಓಡಿಸ್ತಿದ್ದೀವಿ. ಇನ್ನೂ ಕನ್ವರ್ಜ್ ಆಗಿಲ್ಲ. ಮೆಶಿಂಗ್ ಚೆನ್ನಾಗಿ ಬರೋರು ಯಾರಾದ್ರೂ ಇದ್ರೆ ಸಂಜೆ ಐದರ ಮೇಲೆ ಕ್ಯಾಡ್ ಲ್ಯಾಬ್ ಕಡೆ ಬನ್ನಿ, ಟೀ ನಮ್ಮದು.