ಅಕ್ಕನವರ ಗಿಟಾರೂ ನನ್ನ ಆತುರವೂ

ನಮ್ಮ ಅಕ್ಕನವರು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಭಾನುವಾರದ ಶಾಲೆಯ ಮಕ್ಕಳಿಗೆ ಗಿಟಾರು ನುಡಿಸಿ ಹಾಡು ಕಲಿಸಿದವರು. ಈಚೆಗೆ ಅವರ ಬೆರಳುಗಳಿಗೆ ಸಂಧಿವಾತವು ತಗಲಿ, ತಂತಿಯನ್ನು ಒತ್ತುವುದು ದಿನೇ ದಿನೇ ಕಷ್ಟವಾಗುತ್ತ ಬಂದಿತು. ಕಳೆದ ಕ್ರಿಸ್ಮಸ್ ರಜೆಯಲ್ಲಿ ಅವರು ನಮ್ಮ ಮನೆಗೆ ಬಂದಾಗ, ಕೈ ಪೂರ್ಣವಾಗಿ ಸೋಲುವುದರೊಳಗಾಗಿ ಅವರ ವಾದನವನ್ನು ಮುದ್ರಿಸಿಡಬೇಕೆಂದು ನಿಶ್ಚಯಿಸಿ, ಒಂದು ಮೈಕನ್ನೂ ಅದನ್ನು ಕಂಪ್ಯೂಟರಿಗೆ ಜೋಡಿಸುವ ಸಣ್ಣ ಪೆಟ್ಟಿಗೆಯನ್ನೂ ಕೊಂಡು ತಂದೆನು. ಆ ಕಾರ್ಯದಲ್ಲಿ ನಾನು ಕಲಿತ ಪಾಠವು ನಮ್ಮ ವಿದ್ಯಾರ್ಥಿನಿಯರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇನೆ.

ಮೊದಲನೆಯ ಸಂಜೆ ಅಕ್ಕನವರು ಊಟದ ಮನೆಯಲ್ಲಿ ಕುಳಿತರು. ಮೈಕು ಮೇಜಿನ ಆಚೆಯ ತುದಿಯಲ್ಲಿ, ಸುಮಾರು ಒಂದು ಮೀಟರು ದೂರದಲ್ಲಿದ್ದಿತು. ಪರದೆಯ ಮೇಲಿನ ಗೆರೆಯು ಎಷ್ಟು ಎತ್ತರಕ್ಕೆ ಏಳುವುದೋ ಮುದ್ರಣವು ಅಷ್ಟು ಚೆನ್ನಾಗಿರುವುದೆಂದು ಭಾವಿಸಿ, ಮಟ್ಟವನ್ನು ಏರಿಸುವ ಗುಂಡಿಯನ್ನು ತಿರುಗಿಸುತ್ತಲೇ ಹೋದೆನು. ಅವರು ಒಂದು ಕೀರ್ತನೆಯನ್ನು ಮೆಲ್ಲಗೆ ಆರಂಭಿಸಿ, ಕಡೆಯ ಚರಣದಲ್ಲಿ ಆರು ತಂತಿಗಳನ್ನೂ ಒಟ್ಟಿಗೆ ಮೀಟಿ ಮುಗಿಸಿದರು. ಅವರು ಅಷ್ಟು ಸೊಗಸಾಗಿ ನುಡಿಸಿದುದನ್ನು ನಾನು ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ಬಳಿಕ ಮುದ್ರಣವನ್ನು ಹಾಕಿ ಕೇಳಿದರೆ, ಮೆಲ್ಲನೆಯ ಭಾಗದ ಹಿಂದೆ ಫ್ಯಾನೂ ರೆಫ್ರಿಜರೇಟರೂ ಗೊಣಗುತ್ತಿದ್ದುವು. ಕಡೆಯ ಚರಣವಾದರೋ ಹರಿದ ತಗಡಿನಂತೆ ಕರಕರನೆ ಸದ್ದು ಮಾಡಿತು.

“ಹೋಗಲಿ ಬಿಡಮ್ಮಾ, ನಾಳೆ ಮತ್ತೊಮ್ಮೆ ನುಡಿಸಿದರಾಯಿತು” ಎಂದರು ಅಕ್ಕನವರು. ಮರುದಿನ ಬೆಳಿಗ್ಗೆ ಅವರ ಬೆರಳುಗಳು ಊದಿದ್ದುವು. ನಾಲ್ಕು ದಿನ ಗಿಟಾರು ಮೂಲೆಯಲ್ಲಿಯೇ ಉಳಿಯಿತು. ನನ್ನ ಆತುರದಿಂದ ಏನನ್ನು ಕಳೆದುಕೊಂಡೆನೆಂಬುದು ಆಗ ನನಗೆ ಮನದಟ್ಟಾಯಿತು.

ಆ ನಾಲ್ಕು ದಿನಗಳಲ್ಲಿ ಬಲ್ಲವರ ಬರಹಗಳನ್ನು ಓದಿ ಎರಡು ಸಂಗತಿಗಳನ್ನು ತಿಳಿದುಕೊಂಡೆನು. ಮೊದಲನೆಯದು ಮಟ್ಟದ ವಿಷಯ. ಡಿಜಿಟಲ್ ಮುದ್ರಣದಲ್ಲಿ ಸೊನ್ನೆ ಡೆಸಿಬೆಲ್ಲೇ ಮೇಲಿನ ಎಲ್ಲೆ. ಅದನ್ನು ಮೀರಿದ ಅಲೆಯ ತುದಿಯು ಕತ್ತರಿಸಿಹೋಗುವುದು. ಹೋದುದನ್ನು ಇದ್ದ ಹಾಗೆಯೇ ಮರಳಿ ತರುವುದು ಸಾಧ್ಯವಿಲ್ಲ. ಆದಕಾರಣ ಹಾಡಿನ ಅತ್ಯಂತ ಗಟ್ಟಿಯಾದ ಭಾಗವನ್ನೇ ಮೊದಲು ನುಡಿಸಹೇಳಿ, ಅದು ಸೊನ್ನೆಗಿಂತ 6ರಿಂದ 12 ಡೆಸಿಬೆಲ್ ಕೆಳಗೆ ನಿಲ್ಲುವಂತೆ ಗುಂಡಿಯನ್ನು ಇಡತಕ್ಕದ್ದು. 16 ಬಿಟ್ ಮುದ್ರಣದಲ್ಲಿ ಅತಿ ಮೆಲ್ಲನೆಯ ಧ್ವನಿಗೂ ಅತಿ ಗಟ್ಟಿಯಾದ ಧ್ವನಿಗೂ ಸುಮಾರು 96 ಡೆಸಿಬೆಲ್ ಅಂತರವಿರುವುದು. 24 ಬಿಟ್‌ನಲ್ಲಿ ಲೆಕ್ಕದ ಪ್ರಕಾರ ಅದು 144. ಆದುದರಿಂದ ಮೇಲುಗಡೆ ಸ್ವಲ್ಪ ಸ್ಥಳ ಬಿಟ್ಟರೆ ನಷ್ಟವೇನೂ ಇಲ್ಲ.

ಎರಡನೆಯದು ಗದ್ದಲದ ವಿಷಯ. ಗುಂಡಿಯನ್ನು ಏರಿಸಿದರೆ ಗಿಟಾರಿನೊಡನೆ ಕೋಣೆಯ ಗದ್ದಲವೂ ಅಷ್ಟೇ ಏರುವುದು. ಮೈಕನ್ನು ಹತ್ತಿರಕ್ಕೆ ತಂದರೆ ಹಾಗಲ್ಲ. ದೂರವನ್ನು ಅರ್ಧಕ್ಕೆ ಇಳಿಸಿದರೆ ವಾದ್ಯದಿಂದ ನೇರವಾಗಿ ಬರುವ ಧ್ವನಿಯು ಸುಮಾರು 6 ಡೆಸಿಬೆಲ್ ಹೆಚ್ಚುವುದು. ಗದ್ದಲವು ಇದ್ದಷ್ಟೇ ಇರುವುದು. ಆದರೆ ನಡುವಿನ ರಂಧ್ರಕ್ಕೆ ನೇರವಾಗಿ ಇಟ್ಟರೆ ಮಂದ್ರಸ್ವರಗಳು ಮಿತಿಮೀರಿ ಮೊಳಗುವುವು. 12ನೆಯ ಫ್ರೆಟ್ಟಿನ ಎದುರಿಗೆ, 20ರಿಂದ 30 ಸೆಂಟಿಮೀಟರು ದೂರದಲ್ಲಿ ಇಡುವುದು ಒಳ್ಳೆಯದು.

ಐದನೆಯ ದಿನ ಊತವು ಇಳಿಯಿತು. ಬೀದಿಯಲ್ಲಿ ವಾಹನಗಳು ಓಡಾಡುವುದಕ್ಕೆ ಮುಂಚೆ, ನಸುಕಿನಲ್ಲಿಯೇ ಮಲಗುವ ಕೋಣೆಯಲ್ಲಿ ಸಿದ್ಧರಾದೆವು. ಬರಿಯ ಗೋಡೆಗಳು ಧ್ವನಿಯನ್ನು ಮರಳಿಸದಂತೆ ದಪ್ಪ ರಜಾಯಿಗಳನ್ನು ತೂಗುಹಾಕಿದೆನು. ಫ್ಯಾನನ್ನೂ ರೆಫ್ರಿಜರೇಟರನ್ನೂ ನಿಲ್ಲಿಸಿ, ಅದನ್ನು ಮತ್ತೆ ಹಾಕಲು ಮರೆಯದಂತೆ ಮನೆಯ ಬೀಗದ ಕೈಯನ್ನು ಅದರೊಳಗೇ ಇಟ್ಟೆನು. ಅಕ್ಕನವರು ಬಳೆಗಳನ್ನು ತೆಗೆದಿಟ್ಟು, ಕಿರುಗುಟ್ಟದ ಕುರ್ಚಿಯಲ್ಲಿ ಕುಳಿತರು. ಮೊದಲು ಅರ್ಧ ನಿಮಿಷ ಕೋಣೆಯ ಮೌನವನ್ನೇ ಮುದ್ರಿಸಿದೆವು. ಉಳಿದ ಗದ್ದಲ ಯಾವುದೆಂಬುದನ್ನು ಕಂಪ್ಯೂಟರು ಅದರಿಂದಲೇ ಗುರುತಿಸಿ, ಆಮೇಲೆ ತಗ್ಗಿಸುವುದು. ಇದನ್ನು ಮಿತವಾಗಿ ಮಾಡತಕ್ಕದ್ದು. ಹೆಚ್ಚಾದರೆ ತಂತಿಯ ನಾದವು ನೀರಿನೊಳಗಿಂದ ಬಂದಂತೆ ಕೇಳುವುದು.

ಅಕ್ಕನವರು ನುಡಿಸಿದರು. ಮೊದಲಿಗಿಂತ ನಿಧಾನವಾಗಿದ್ದಿತು, ಎರಡನೆಯ ಚರಣದಲ್ಲಿ ಒಂದು ಸ್ವರವು ತಪ್ಪಿತು. ಆದರೂ ಬೆರಳು ತಂತಿಯ ಮೇಲೆ ಸರಿಯುವ ಸಪ್ಪಳವೂ ಮುದ್ರಣದಲ್ಲಿ ಕೇಳುತ್ತದೆ. ಕಡೆಯಲ್ಲಿ “ಮುಗಿಯಿತೇನಮ್ಮಾ?” ಎಂದು ಅವರು ಕೇಳಿದುದನ್ನೂ ನಾನು ಕತ್ತರಿಸಲಿಲ್ಲ. ಮೊದಲ ಸಂಜೆಯ ವಾದನವು ಮಾತ್ರ ಮತ್ತೆ ಬರಲಿಲ್ಲ.

ಶಾಲೆಯು ಪುನಃ ತೆರೆದ ಮೇಲೆ, ಮೆಲುದನಿಯ ಹುಡುಗಿಯೊಬ್ಬಳು ತರಗತಿಯಲ್ಲಿ ಪಾಠ ಓದಲು ಎದ್ದಳು. “ಗಟ್ಟಿಯಾಗಿ ಓದಮ್ಮಾ” ಎಂದು ಗದರಿಸುವುದು ನನ್ನ ಬಹುಕಾಲದ ಅಭ್ಯಾಸ. ಅಂದು ಹಾಗೆ ಹೇಳದೆ, ರಸ್ತೆಯ ಕಡೆಯ ಕಿಟಕಿಯನ್ನು ಮುಚ್ಚಿಸಿ, ಅವಳ ಬೆಂಚಿನ ಬಳಿಗೆ ಹೋಗಿ ನಿಂತೆನು. ಅವಳು ಅಷ್ಟು ಸ್ಪಷ್ಟವಾಗಿ ಓದಬಲ್ಲಳೆಂಬುದು ಎರಡು ವರ್ಷಗಳಿಂದಲೂ ನನಗೆ ತಿಳಿದಿರಲಿಲ್ಲ. ಇಷ್ಟು ತಡವಾಗಿಯಾದರೂ ಈ ಪಾಠವನ್ನು ಕಲಿಸಿದ ದೇವರಿಗೆ ಸ್ತೋತ್ರ.