ತಾರೀಖು ಹಾಕಿದ ಕಾಗದ

ನಮ್ಮ ಕಡೆ 'ಮೆಮೊ' ಎಂಬ ಪದಕ್ಕೆ ಒಂದೇ ಅರ್ಥ. "ಅವನಿಗೆ ಸಾಹೇಬರು ಮೆಮೊ ಕೊಟ್ಟರಂತೆ" ಎಂದರೆ ನೌಕರಿಗೆ ಕುತ್ತು ಬಂತೆಂದೇ ಲೆಕ್ಕ. ಮೆಮೊ ಮೇಲಿನಿಂದ ಕೆಳಗೆ ಬರುತ್ತದೆ; ಕೆಳಗಿನವನು ಮೇಲಿನವನಿಗೆ ಬರೆಯುವುದು ಅರ್ಜಿ, ಇಲ್ಲವೇ ಮನವಿ. ಅಮೆರಿಕದ ಸೇನೆಯಲ್ಲಿ ಹಾಗಲ್ಲ. ಅಲ್ಲಿ ಕೆಳಗಿನ ಅಧಿಕಾರಿಯೂ ಮೇಲಕ್ಕೆ ಮೆಮೊರಾಂಡಮ್ ಬರೆಯುತ್ತಾನೆ. ಯಾರ ಹೆಸರಿಗೂ ಅಲ್ಲದೆ ಕೇವಲ ಕಡತಕ್ಕೆಂದು ಬರೆದಿಡುವ ಒಂದು ಬಗೆಯೂ ಉಂಟು. ಫೋನಿನಲ್ಲಿ ಏನು ಮಾತಾಯಿತು, ಸಭೆಯಲ್ಲಿ ಯಾರು ಏನು ಒಪ್ಪಿಕೊಂಡರು, ಯಾವ ಅಧಿಕಾರದ ಮೇಲೆ ಈ ಕೆಲಸ ನಡೆಯಿತು ಎಂಬುದಕ್ಕೆ ಅದು ಸಾಕ್ಷಿ.

ಇದಕ್ಕೆಂದೇ ಆ ಸೇನೆಗೆ 25-50 ಎಂಬ ಸಂಖ್ಯೆಯ ಒಂದು ನಿಯಮಾವಳಿ ಇದೆ. ಮುಖ್ಯ ವಿಷಯ ಮೊದಲೇ ಬರಬೇಕು. ವಾಕ್ಯಗಳು ಸರಾಸರಿ 15 ಪದಗಳನ್ನು ಮೀರಬಾರದು. ಸಾಧ್ಯವಾದಷ್ಟೂ ಒಂದೇ ಪುಟದಲ್ಲಿ ಮುಗಿಯಬೇಕು. ಅವಸರದಲ್ಲಿ ಒಮ್ಮೆ ಓದಿದರೂ ಅರ್ಥವಾಗಬೇಕು. ಕರ್ಮಣಿ ಪ್ರಯೋಗ ಬೇಡ ಎಂದೂ ಹೇಳುತ್ತದೆ. 'ಆದೇಶಿಸಲಾಯಿತು' ಎಂದರೆ ಸಾಲದು, ಯಾರು ಆದೇಶಿಸಿದರು ಎಂಬುದು ಬೇಕು. ನಮ್ಮ ಸರ್ಕಾರಿ ಕನ್ನಡ ಬದುಕಿರುವುದೇ ಈ 'ಲಾಯಿತು'ಗಳ ಮರೆಯಲ್ಲಿ!

ಉರ್ದು ಮತ್ತು ಕನ್ನಡ ಎರಡೂ ಶಾಲೆಗಳಲ್ಲಿ ಕಲಿತವನಾದ್ದರಿಂದ ನನಗೆ ಎರಡು ಬಗೆಯ ಅರ್ಜಿ ಬರೆಯಲು ಬರುತ್ತದೆ. ಒಂದು 'ಬಖಿದ್ಮತ್ ಜನಾಬ್' ಎಂದು ಸಲಾಮು ಹೊಡೆಯುತ್ತಾ ಶುರುವಾಗುತ್ತದೆ. ಇನ್ನೊಂದು 'ತಮ್ಮಲ್ಲಿ ವಿನಮ್ರವಾಗಿ ವಿನಂತಿಸಿಕೊಳ್ಳುವುದೇನೆಂದರೆ' ಎಂದು ಕೈಮುಗಿಯುತ್ತಾ ಹೊರಡುತ್ತದೆ. ಎರಡರಲ್ಲೂ ಬಗ್ಗುವುದರಲ್ಲೇ ಅರ್ಧ ಪುಟ ಮುಗಿದು, ವಿಷಯಕ್ಕೆ ಜಾಗ ಸಾಲುವುದಿಲ್ಲ.

ನಮ್ಮ ಮೊಹಲ್ಲಾದ ಒಬ್ಬ ಖಾಲಾಗೆ ವಿಧವಾ ಪಿಂಚಣಿ ನಿಂತುಹೋಗಿತ್ತು. ಕಚೇರಿಗೆ ಹೋದಾಗಲೆಲ್ಲ "ನಾಳೆ ಬನ್ನಿ" ಎಂಬ ಬಾಯಿಮಾತು. ಹಣ ನಿಂತ ತಿಂಗಳು, ಆಕೆ ಕಚೇರಿಗೆ ಹೋದ ತಾರೀಖುಗಳು, ಪ್ರತಿ ಸಲ ಯಾವ ಮೇಜಿನವರು ಏನು ಹೇಳಿದರು ಎಂಬುದನ್ನು ಸಾಲಾಗಿ ಬರೆದುಕೊಟ್ಟೆ. ಓದಿ ಹೇಳಿದಾಗ ಆಕೆಗೆ ಸಮಾಧಾನವಾಗಲಿಲ್ಲ. "ಬೇಟಾ, ಇದರಲ್ಲಿ ನನ್ನ ಕಷ್ಟವೇ ಇಲ್ಲವಲ್ಲ" ಎಂದರು. "ಖಾಲಾ, ಕಷ್ಟಕ್ಕೆ ಅವರು ಅಯ್ಯೋ ಅಂದು ಸುಮ್ಮನಾಗುತ್ತಾರೆ. ತಾರೀಖಿಗೆ ಉತ್ತರ ಕೊಡಲೇಬೇಕು" ಎಂದೆ. ಕಥೆ ಬರೆಯುವವನಾಗಿ ಈ ಮಾತು ಹೇಳಲು ನನಗೇ ಮುಜುಗರವಾಯಿತು. ಕಥೆಗೆ ಬೇಕಾದದ್ದು ಆಕೆಯ ಕಣ್ಣೀರು, ಕಡತಕ್ಕೆ ಬೇಕಾದದ್ದು ಇಸವಿ, ತಿಂಗಳು, ದಿನ.

ಒಣ ಕಾಗದಕ್ಕೆ ಎಷ್ಟು ಬಲವಿದೆ ಎಂಬುದಕ್ಕೆ ಗ್ವಾಂಟನಾಮೊದ ಒಂದು ಪ್ರಸಂಗ ನೋಡಿ. 2002ರ ಡಿಸೆಂಬರ್ 2ರಂದು ಅಮೆರಿಕದ ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ಅಲ್ಲಿನ ಕೈದಿಗಳ ವಿಚಾರಣೆಗೆ ಹೊಸ ಕ್ರಮಗಳನ್ನು ಮಂಜೂರು ಮಾಡಿದರು. ಗಂಟೆಗಟ್ಟಲೆ ನಿಲ್ಲಿಸುವುದು, ಬಟ್ಟೆ ಕಳಚುವುದು, ಬಲವಂತವಾಗಿ ಗಡ್ಡ ಬೋಳಿಸುವುದು, ನಾಯಿಗಳ ಭಯವನ್ನು ಬಳಸಿಕೊಳ್ಳುವುದು ಅವುಗಳಲ್ಲಿದ್ದವು. ತಾನೇ ದಿನಕ್ಕೆ 8-10 ಗಂಟೆ ನಿಲ್ಲುತ್ತೇನೆ, ಇವರಿಗೇಕೆ 4 ಗಂಟೆಯ ಮಿತಿ ಎಂದು ಅವರು ಸಹಿಯ ಕೆಳಗೆ ಕೈಬರಹದಲ್ಲಿ ಸೇರಿಸಿದರು.

ನೌಕಾಪಡೆಯ ಪ್ರಧಾನ ಕಾನೂನು ಸಲಹೆಗಾರ ಆಲ್ಬರ್ಟೊ ಮೋರಾ ಎಂಬವರಿಗೆ ಇದು ಅದೇ ತಿಂಗಳು ತಿಳಿಯಿತು. ಅವರು ಬುಷ್ ಸರ್ಕಾರವೇ ನೇಮಿಸಿದ್ದ ವ್ಯಕ್ತಿ. ರಕ್ಷಣಾ ಇಲಾಖೆಯ ಮುಖ್ಯ ವಕೀಲರನ್ನು ಕಂಡು ಆಕ್ಷೇಪ ಹೇಳಿದರು. ಫಲ ಸಿಗಲಿಲ್ಲ. 2003ರ ಜನವರಿ 15ರಂದು ಸಹಿ ಹಾಕದ ಒಂದು ಮೆಮೊರಾಂಡಮ್ ಕರಡನ್ನು ಅವರಿಗೆ ಕಳುಹಿಸಿದರು. ಈ ಕ್ರಮಗಳು ನಿಲ್ಲದಿದ್ದರೆ ಸಂಜೆಯ ಹೊತ್ತಿಗೆ ಸಹಿ ಹಾಕುತ್ತೇನೆ ಎಂದರು. ಅದೇ ದಿನ ರಮ್ಸ್‌ಫೆಲ್ಡ್ ತಮ್ಮ ಮಂಜೂರಾತಿಯನ್ನು ತಡೆಹಿಡಿದರು. ವಾರಗಟ್ಟಲೆ ಬಾಯಿಮಾತಿನಿಂದ ಆಗದ್ದು ಸಹಿಯಿಲ್ಲದ ಕಾಗದದಿಂದ ಆಯಿತು. ಬಾಯಿಮಾತನ್ನು ಕೇಳಿಲ್ಲವೆನ್ನಬಹುದು, ಕಾಗದ ಬಂದಿಲ್ಲವೆನ್ನುವುದು ಕಷ್ಟ.

ಹಾಗೆಂದು ಅಲ್ಲಿಗೆ ಎಲ್ಲ ಸರಿಹೋಗಲಿಲ್ಲ. ಮೋರಾ ಅವರ ಬೆನ್ನ ಹಿಂದೆ ಕಠಿಣ ವಿಚಾರಣೆಯನ್ನು ಸಮರ್ಥಿಸುವ ಇನ್ನೊಂದು ವರದಿ ಸಿದ್ಧವಾಯಿತು. ಅದು ಅವರಿಗೆ ತಿಳಿದದ್ದು 2004ರಲ್ಲಿ, ಅಬೂ ಗರೀಬ್ ಜೈಲಿನ ಚಿತ್ರಗಳು ಹೊರಬಂದ ಮೇಲೆ. ಆ ವರ್ಷ ಜುಲೈ 7ರಂದು ನಡೆದದ್ದನ್ನೆಲ್ಲ 22 ಪುಟಗಳಲ್ಲಿ ತಾರೀಖುವಾರು ಬರೆದು ನೌಕಾಪಡೆಯ ಇನ್ಸ್‌ಪೆಕ್ಟರ್ ಜನರಲ್‌ಗೆ ಕೊಟ್ಟರು. 2006ರಲ್ಲಿ ಅದು ಪತ್ರಿಕೆಯೊಂದರ ಮೂಲಕ ಜಗತ್ತಿಗೆ ಗೊತ್ತಾಯಿತು.

ಇಲ್ಲಿ ಒಂದು ಮಾತು ಮರೆಯಬಾರದು. ಚಿತ್ರಹಿಂಸೆಗೆ ದಾರಿ ಮಾಡಿಕೊಟ್ಟದ್ದೂ ಮೆಮೊರಾಂಡಮ್‌ಗಳೇ. ಅವುಗಳಲ್ಲೂ ಕ್ರಮಸಂಖ್ಯೆ ಇತ್ತು, ಸಹಿ ಇತ್ತು, ನಯವಾದ ಭಾಷೆಯಿತ್ತು. ಕಾಗದಕ್ಕೆ ತನ್ನದೇ ಈಮಾನು ಇಲ್ಲ, ಅದು ಬರೆದವನದು. ಆದರೂ ಬರವಣಿಗೆಗೆ ಒಂದು ಗುಣವಿದೆ. ಮುಹಮ್ಮದ್ ಅಲ್ ಕಹ್ತಾನಿ ಎಂಬ ಕೈದಿಯ ವಿಚಾರಣೆಯ ದಿನಚರಿಯನ್ನು ವಿಚಾರಣೆ ನಡೆಸಿದವರೇ ಬರೆದಿಟ್ಟಿದ್ದರು. 2005ರಲ್ಲಿ ಅದು ಹೊರಬಂತು. ಅವನಿಗೆ ಚಿತ್ರಹಿಂಸೆಯಾಗಿದೆ, ಆದ್ದರಿಂದ ಮೊಕದ್ದಮೆ ನಡೆಸಲಾಗದು ಎಂದು 2009ರಲ್ಲಿ ಅಲ್ಲಿನ ಮಿಲಿಟರಿ ಆಯೋಗಗಳ ಮುಖ್ಯಸ್ಥೆಯೇ ಒಪ್ಪಿಕೊಂಡರು. 2022ರಲ್ಲಿ ಅವನನ್ನು ಸೌದಿ ಅರೇಬಿಯಾಕ್ಕೆ ಕಳುಹಿಸಲಾಯಿತು. ಇಪ್ಪತ್ತು ವರ್ಷ ತಡವಾದ ಉತ್ತರ. ಅದನ್ನು ನ್ಯಾಯ ಎನ್ನಲು ನನಗೆ ನಾಲಗೆ ಏಳುವುದಿಲ್ಲ.

ಕುರ್‌ಆನಿನ ಅತ್ಯಂತ ಉದ್ದದ ಆಯತ್ ಸೂರಃ ಅಲ್ ಬಕರದ 282ನೆಯದು. ಅದರ ವಿಷಯ ಸ್ವರ್ಗವೂ ಅಲ್ಲ, ನರಕವೂ ಅಲ್ಲ; ಸಾಲದ ಪತ್ರ ಬರೆಯುವುದು! ಮೊತ್ತ ಚಿಕ್ಕದಾದರೂ ಬರೆಯಲು ಬೇಸರಿಸಬಾರದು, ಬರೆಯಬಲ್ಲವನು ನಿರಾಕರಿಸಬಾರದು ಎನ್ನುತ್ತದೆ. ಬರೆದವನಿಗಾಗಲಿ ಸಾಕ್ಷಿಗಾಗಲಿ ಹಾನಿ ಮಾಡಬಾರದೆಂದೂ ಹೇಳುತ್ತದೆ. ಈ ಕೊನೆಯ ಮಾತನ್ನು ಲೋಕ ಪಾಲಿಸುವುದು ಕಡಿಮೆ. ಅಬೂ ಗರೀಬ್ ಬಗ್ಗೆ ನಿರ್ಭಿಡೆಯಿಂದ ವರದಿ ಬರೆದ ಮೇಜರ್ ಜನರಲ್ ಆಂಟೊನಿಯೊ ಟಗುಬಾ 2007ರಲ್ಲಿ ನಿವೃತ್ತರಾದರು. ನಿವೃತ್ತಿಯಾಗುವಂತೆ ಮೇಲಿನಿಂದ ಸೂಚನೆ ಬಂದಿತ್ತೆಂದು ಅವರೇ ಹೇಳಿದ್ದಾರೆ.

ನಮ್ಮ ಸಮುದಾಯದಲ್ಲಿ ಕಚೇರಿ, ಠಾಣೆಗಳ ಅನುಭವವನ್ನು ನೋವಿನಿಂದ ಹೇಳುವವರು ಬಹಳ. ತಾರೀಖು ಹಾಕಿ ಬರೆದಿಟ್ಟವರು ಕಡಿಮೆ. 2005ರ ಮಾಹಿತಿ ಹಕ್ಕು ಕಾಯ್ದೆಯಿಂದ ಕಡತವನ್ನು ಕೇಳಿ ಪಡೆಯಬಹುದು. ಕಡತದಲ್ಲಿ ನಮ್ಮ ಕಾಗದವೇ ಇಲ್ಲದಿದ್ದರೆ ಕೇಳುವುದೇನನ್ನು? ಪ್ರತಿ ಮೊಹಲ್ಲಾದಲ್ಲೂ ಓದಿದ ಹುಡುಗ ಹುಡುಗಿಯರಿದ್ದಾರೆ. ವಾರಕ್ಕೊಂದು ಸಂಜೆ ಕುಳಿತು, ಅಕ್ಷರ ಬಾರದವರ ಮಾತನ್ನು ಒಂದು ಪುಟದಲ್ಲಿ, ನೇರವಾದ ಕನ್ನಡದಲ್ಲಿ ಬರೆದುಕೊಡಲಿ. ಒಂದು ನಕಲು ಮನೆಯಲ್ಲಿರಲಿ, ಅದರ ಮೇಲೆ ಕಚೇರಿಯ ಮೊಹರು ಬೀಳುವವರೆಗೂ ಅಲ್ಲಿಂದ ಏಳದಿರಲಿ.